ಮೊದಲ ಮಾತು ಯಾವ ನಿಯಮದ್ದು?

ನಾಸಿಕ್‌ನ ಸಾತಪುರ, ಅಂಬಡ ಕೈಗಾರಿಕಾ ವಸಾಹತುಗಳಲ್ಲಿ ಯಾವುದಾದರೂ ಕಾರ್ಖಾನೆಯ ಕಚೇರಿಗೆ ಹೋಗಿ ನೋಡಿ. ಮೇಜಿನ ಮೇಲಿರುವ ಲ್ಯಾಪ್‌ಟಾಪ್ ಆ ಕಾರ್ಖಾನೆಯದ್ದೇ ಆಗಿರಬೇಕೆಂದಿಲ್ಲ, ಬಾಡಿಗೆಗೆ ಬಂದದ್ದಿರಬಹುದು. ಸರ್ವರ್, ಯುಪಿಎಸ್, ಮೀಟಿಂಗ್ ಕೋಣೆಯ ದೊಡ್ಡ ಮಾನಿಟರ್ ಕೂಡ ಹಾಗೆಯೇ. ಅಲ್ಲಿಂದ ಪೂರ್ವಕ್ಕೆ ಸುಮಾರು 200 ಕಿಲೋಮೀಟರ್ ದೂರದ ಛತ್ರಪತಿ ಸಂಭಾಜಿನಗರದಲ್ಲಿ, ಅಂದರೆ ನಮ್ಮಲ್ಲಿ ಅನೇಕರ ಬಾಯಲ್ಲಿ ಇನ್ನೂ ಔರಂಗಾಬಾದ್ ಆಗಿಯೇ ಉಳಿದಿರುವ ಊರಿನಲ್ಲಿ, ವಾಳೂಜ, ಚಿಕಲಠಾಣಾ, ಶೇಂದ್ರಾ ವಸಾಹತುಗಳಿವೆ. ಈ ಎರಡೂ ಊರಿಗೆ ಕಂಪ್ಯೂಟರ್ ಸಾಮಾನು ಬಾಡಿಗೆಗೆ ಕೊಡುವ ಒಬ್ಬ ನಾಸಿಕ್ ವ್ಯಾಪಾರಿಯನ್ನು ಈ ಅಧ್ಯಾಯದುದ್ದಕ್ಕೂ ಕಲ್ಪಿಸಿಕೊಳ್ಳೋಣ. ಅವನೂ ಅವನ ಬಾಡಿಗೆ ದರಗಳೂ ಉದಾಹರಣೆಗಾಗಿ. ಊರು, ಕಾನೂನು, ತೆರಿಗೆ, ತಾರೀಖುಗಳೆಲ್ಲ ನಿಜವಾದವು.

ಒಂದು ಲ್ಯಾಪ್‌ಟಾಪ್‌ಗೆ ಅವನ ತಿಂಗಳ ಬಾಡಿಗೆ ₹1,500. ಇಪ್ಪತ್ತೈದಕ್ಕಿಂತ ಹೆಚ್ಚು ತೆಗೆದುಕೊಂಡವರಿಗೆ ಶೇ. 10 ರಿಯಾಯಿತಿ. ಮೂರು ವರ್ಷಕ್ಕೆ ಕರಾರು ಮಾಡಿಕೊಂಡವರಿಗೆ ಯಂತ್ರಕ್ಕೆ ₹100 ಕಡಿಮೆ. ವಾಳೂಜದ ಕಾರ್ಖಾನೆಯೊಂದು ಮೂರು ವರ್ಷಕ್ಕೆಂದು 40 ಲ್ಯಾಪ್‌ಟಾಪ್ ಕೇಳುತ್ತದೆ. ಎರಡೂ ರಿಯಾಯಿತಿ ಅದಕ್ಕೆ ಸಲ್ಲಬೇಕು. ಮೊದಲು ಶೇ. 10 ಕಳೆದು ಆಮೇಲೆ ನೂರು ಕಳೆದರೆ ₹1,250. ಮೊದಲು ನೂರು ಕಳೆದು ಆಮೇಲೆ ಶೇ. 10 ಕಳೆದರೆ ₹1,260. ನಿಯಮಗಳು ಅವೇ, ಲೆಕ್ಕದಲ್ಲಿ ತಪ್ಪಿಲ್ಲ, ಆದರೂ ಉತ್ತರ ಎರಡು. ಈ ಹತ್ತು ರೂಪಾಯಿಯನ್ನು 40 ಯಂತ್ರ, 36 ತಿಂಗಳಿಗೆ ಗುಣಿಸಿದರೆ ₹14,400 ಆಗುತ್ತದೆ.

ಬಿಲ್ಲಿಂಗ್ ಸಾಫ್ಟ್‌ವೇರಿನಲ್ಲಿ ನಿಯಮ ಆಧಾರಿತ ದರ ನಿಗದಿ ಎಂದರೆ ಜನ ಸಾಮಾನ್ಯವಾಗಿ ನಿಯಮಗಳನ್ನು ಬರೆದು ತುಂಬಿಸುವ ಕೆಲಸ ಎಂದುಕೊಳ್ಳುತ್ತಾರೆ. ನಿಯಮ ಬರೆಯುವುದು ಸುಲಭ, ಅಂಗಡಿಯಲ್ಲಿ ಹತ್ತು ವರ್ಷ ಕೂತವರಿಗೆ ಅವೆಲ್ಲ ಬಾಯಿಪಾಠ. ಕಷ್ಟವಿರುವುದು ಅವುಗಳ ಸರದಿಯನ್ನು ಗೊತ್ತುಮಾಡುವುದರಲ್ಲಿ. ಯಾವುದು ಮೊದಲು, ಯಾವುದು ಯಾವುದನ್ನು ತಡೆಯುತ್ತದೆ, ಯಾವುದು ಯಾವುದರ ಮೇಲೆ ಕೂರುತ್ತದೆ ಎಂಬುದನ್ನು ಯಾರೂ ಬರೆದಿಟ್ಟಿರುವುದಿಲ್ಲ. ಮನುಷ್ಯ ಬಿಲ್ ಹಾಕುವಾಗ ಅದನ್ನು ಅಂದಾಜಿನಲ್ಲಿ ತೀರ್ಮಾನಿಸುತ್ತಾನೆ. ಯಂತ್ರಕ್ಕೆ ಅಂದಾಜು ತಿಳಿಯದು.

ಈ ತೊಡಕನ್ನು ವಿಜ್ಞಾನಿಗಳು ಹಿಂದೆ ದೊಡ್ಡ ಪ್ರಮಾಣದಲ್ಲಿ ಎದುರಿಸಿದ್ದೂ ಕಂಪ್ಯೂಟರ್ ಮಾರಾಟದಲ್ಲಿಯೇ. ಅಮೆರಿಕದ ಡಿಜಿಟಲ್ ಇಕ್ವಿಪ್‌ಮೆಂಟ್ ಕಾರ್ಪೊರೇಷನ್ 1970ರ ದಶಕದ ಕೊನೆಯಲ್ಲಿ ವ್ಯಾಕ್ಸ್ ಎಂಬ ಕಂಪ್ಯೂಟರನ್ನು ಬಿಡಿಬಿಡಿ ಭಾಗಗಳ ಆರ್ಡರ್ ಪಡೆದು ಮಾರುತ್ತಿತ್ತು. ಗ್ರಾಹಕ ಕೇಳಿದ ಡಿಸ್ಕ್ ಇರುತ್ತಿತ್ತು, ಅದಕ್ಕೆ ಬೇಕಾದ ಕೇಬಲ್ ಇರುತ್ತಿರಲಿಲ್ಲ. 1978ರಲ್ಲಿ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಜಾನ್ ಮೆಕ್‌ಡರ್ಮಟ್ ಇದಕ್ಕಾಗಿ ಒಂದು ಪ್ರೋಗ್ರಾಂ ಬರೆದರು. ಮೊದಲು ಆರ್‌ಒನ್ ಎಂದೂ ಆಮೇಲೆ ಎಕ್ಸ್‌ಕಾನ್ ಎಂದೂ ಕರೆಸಿಕೊಂಡ ಅದರಲ್ಲಿ ‘ಹೀಗಿದ್ದರೆ ಹೀಗೆ ಮಾಡು’ ಎಂಬ ರೂಪದ ಸುಮಾರು 2,500 ನಿಯಮಗಳಿದ್ದವು. 1986ರ ಹೊತ್ತಿಗೆ ಅದು 80,000 ಆರ್ಡರುಗಳನ್ನು ಶೇ. 95ರಿಂದ 98ರಷ್ಟು ನಿಖರವಾಗಿ ನಿಭಾಯಿಸಿತ್ತು.

ಎಕ್ಸ್‌ಕಾನ್ ಬರೆಯಲು ಬಳಸಿದ್ದು ಅದೇ ವಿಶ್ವವಿದ್ಯಾಲಯದ ಚಾರ್ಲ್ಸ್ ಫೋರ್ಗಿ ರೂಪಿಸಿದ ಒಪಿಎಸ್5 ಭಾಷೆ. ಒಂದೇ ಹೊತ್ತಿಗೆ ಹಲವು ನಿಯಮಗಳು ಅನ್ವಯವಾದರೆ ಯಾವುದನ್ನು ಆರಿಸಬೇಕು ಎಂಬುದಕ್ಕೆ ಆ ಭಾಷೆಯೊಳಗೇ ಉತ್ತರವಿತ್ತು. ಒಮ್ಮೆ ಅನ್ವಯಿಸಿದ ನಿಯಮವನ್ನು ಅದೇ ಮಾಹಿತಿಯ ಮೇಲೆ ಮತ್ತೆ ಅನ್ವಯಿಸಬಾರದು. ಹೊಸದಾಗಿ ಬಂದ ಮಾಹಿತಿಗೆ ಹೊಂದುವ ನಿಯಮಕ್ಕೆ ಮುನ್ನುಗ್ಗಲು ಬಿಡಬೇಕು. ಹೆಚ್ಚು ಷರತ್ತುಗಳುಳ್ಳ, ಅಂದರೆ ಹೆಚ್ಚು ನಿರ್ದಿಷ್ಟವಾದ ನಿಯಮಕ್ಕೆ ಸಾಮಾನ್ಯ ನಿಯಮಕ್ಕಿಂತ ಮೇಲಿನ ಸ್ಥಾನ ಕೊಡಬೇಕು.

ಮೊದಲನೆಯದು ನಮ್ಮ ವ್ಯಾಪಾರಿಗೂ ಬೇಕೇ ಬೇಕು, ಇಲ್ಲದಿದ್ದರೆ ಅದೇ ರಿಯಾಯಿತಿ ಎರಡು ಸಲ ಕಳೆದುಹೋಗುತ್ತದೆ. ಮೂರನೆಯದು ಒಳ್ಳೆಯ ದಾರಿ. ‘ಎಲ್ಲರಿಗೂ ₹1,500’ ಎಂಬುದಕ್ಕಿಂತ ‘ಈ ಕಾರ್ಖಾನೆಗೆ, ಈ ಮಾದರಿಗೆ, ಈ ವರ್ಷ ₹1,275’ ಎಂಬ ಒಪ್ಪಂದದ ದರಕ್ಕೆ ಹೆಚ್ಚು ಅಧಿಕಾರ ಇರಲೇಬೇಕು. ಎರಡನೆಯದನ್ನು ಮಾತ್ರ ಹಣದ ವ್ಯವಹಾರದಲ್ಲಿ ನಾನು ಒಪ್ಪಲಾರೆ. ಕೊನೆಯಲ್ಲಿ ಬಂದದ್ದಕ್ಕೆ ಮಣೆ ಹಾಕಿದರೆ, ನಿನ್ನೆ ಸಂಜೆ ಯಾರೋ ದೀಪಾವಳಿ ಕೊಡುಗೆಯೆಂದು ಸೇರಿಸಿದ ಸಾಲು ಮೂರು ವರ್ಷದ ಕರಾರನ್ನು ಮೀರಿಬಿಡುತ್ತದೆ. ಬಿಲ್ಲಿನಲ್ಲಿ ಆದ್ಯತೆ ಯಾವತ್ತೂ ಬರೆದಿಟ್ಟ ಸಂಖ್ಯೆಯಾಗಿರಬೇಕು. ಒಪ್ಪಂದದ ದರಕ್ಕೆ 10, ಹಳೆಯ ಯಂತ್ರದ ದರಕ್ಕೆ 20, ಪ್ರಮಾಣದ ರಿಯಾಯಿತಿಗೆ 30, ಹಬ್ಬದ ಕೊಡುಗೆಗೆ 40 ಎಂದು ನಡುವೆ ಜಾಗ ಬಿಟ್ಟು ಕೊಟ್ಟರೆ ಮುಂದೆ ಹೊಸದನ್ನು ತೂರಿಸಬಹುದು. ಇದರ ಜೊತೆಗೆ ಪ್ರತಿ ನಿಯಮವೂ ಇನ್ನೊಂದು ಸಂಗತಿಯನ್ನು ಹೇಳಬೇಕು: ನಾನು ಅನ್ವಯವಾದ ಮೇಲೆ ಉಳಿದವು ನಡೆಯಬಹುದೇ, ಇಲ್ಲಿಗೇ ನಿಲ್ಲಬೇಕೇ? ಒಪ್ಪಂದದ ದರ ನಿಲ್ಲಿಸುವ ನಿಯಮ. ಪ್ರಮಾಣದ ರಿಯಾಯಿತಿ ಮುಂದೆ ಬಿಡುವ ನಿಯಮ.

ಪ್ರಮಾಣದ ಮಾತು ಬಂತು. ‘ಇಪ್ಪತ್ತೈದಕ್ಕಿಂತ ಹೆಚ್ಚು’ ಎಂದು ಮೇಲೆ ಬರೆದಿದ್ದೇನೆ. ಸರಿಯಾಗಿ ಇಪ್ಪತ್ತೈದೇ ತೆಗೆದುಕೊಂಡವರಿಗೆ? ಅಂಗಡಿಯಲ್ಲಿ ಇಂಥ ಮಾತಿಗೆ ಇಬ್ಬರು ಎರಡು ಅರ್ಥ ಹೇಳುತ್ತಾರೆ. ನಮ್ಮ ಬೆಂಗಳೂರಿನಲ್ಲಿ 1986ರಲ್ಲಿ ಹುಟ್ಟಿ ದೇಶದ ಅಂಗಡಿ ಅಂಗಡಿಗೂ ತಲುಪಿದ ಟ್ಯಾಲಿ ಇದನ್ನು ಅಚ್ಚುಕಟ್ಟಾಗಿ ಬಗೆಹರಿಸಿದೆ. ಅದರ ಬೆಲೆಪಟ್ಟಿಯಲ್ಲಿ ಪ್ರಮಾಣಕ್ಕೆ ಎರಡು ಅಂಕಣ: ಒಂದು ‘ಇಷ್ಟರಿಂದ’, ಇನ್ನೊಂದು ‘ಇಷ್ಟಕ್ಕಿಂತ ಕಡಿಮೆ’. ಹತ್ತರಿಂದ, ಇಪ್ಪತ್ತೈದಕ್ಕಿಂತ ಕಡಿಮೆ ಒಂದು ಸಾಲು. ಇಪ್ಪತ್ತೈದರಿಂದ, ಐವತ್ತಕ್ಕಿಂತ ಕಡಿಮೆ ಮುಂದಿನ ಸಾಲು. ಒಂದು ಸಾಲಿನ ಕೊನೆಯ ಸಂಖ್ಯೆಯೇ ಮುಂದಿನದರ ಆರಂಭವಾದ್ದರಿಂದ ನಡುವೆ ಸಂದೂ ಇಲ್ಲ, ಒಂದರ ಮೇಲೊಂದು ಏರುವುದೂ ಇಲ್ಲ. ಡಚ್ ಗಣಕ ವಿಜ್ಞಾನಿ ಎಡ್ಸ್‌ಖರ್ ಡೈಕ್‌ಸ್ಟ್ರಾ 1982ರಲ್ಲಿ ಬರೆದ ಒಂದು ಪುಟ್ಟ ಟಿಪ್ಪಣಿಯಲ್ಲಿ ಸಂಖ್ಯೆಗಳ ಸಾಲನ್ನು ಹೀಗೆ, ಆರಂಭ ಒಳಗೆ, ಕೊನೆ ಹೊರಗೆ ಎಂದೇ ಗುರುತಿಸಬೇಕೆಂದು ವಾದಿಸಿದ್ದರು. ದಿನಾಂಕಗಳ ಅವಧಿಗೂ ಇದೇ ಪದ್ಧತಿ ಒಳ್ಳೆಯದು.

ಗಡಿ ಸರಿಯಾದರೂ ಸ್ಲ್ಯಾಬಿನಲ್ಲಿ ಇನ್ನೊಂದು ಬಲೆ ಇದೆ. ಇಪ್ಪತ್ತೈದರೊಳಗೆ ಯಂತ್ರಕ್ಕೆ ₹1,400, ಇಪ್ಪತ್ತೈದರಿಂದ ಎಲ್ಲಕ್ಕೂ ₹1,300 ಎಂದಿಟ್ಟರೆ 24 ಯಂತ್ರಕ್ಕೆ ₹33,600, 25ಕ್ಕೆ ₹32,500. ಒಂದು ಹೆಚ್ಚು ತೆಗೆದುಕೊಂಡರೆ ಬಿಲ್ ₹1,100 ಕಡಿಮೆ! ಲೆಕ್ಕ ಬಲ್ಲ ಗ್ರಾಹಕ ಬೇಡದ ಒಂದು ಯಂತ್ರವನ್ನು ತರಿಸಿ ಕಪಾಟಿನಲ್ಲಿಡುತ್ತಾನೆ. ಮಹಾರಾಷ್ಟ್ರದ ಮನೆಗಳ ಕರೆಂಟ್ ಬಿಲ್ ಹೀಗಿಲ್ಲ. ಅಲ್ಲಿ 100 ಯೂನಿಟ್‌ವರೆಗೆ ಒಂದು ದರ, 101ರಿಂದ 300ಕ್ಕೆ ಇನ್ನೊಂದು, 301ರಿಂದ 500ಕ್ಕೆ ಮತ್ತೊಂದು. 101ನೇ ಯೂನಿಟ್ ಉರಿಸಿದಾಗ ಆ ಒಂದು ಯೂನಿಟ್‌ಗೆ ಮಾತ್ರ ಹೊಸ ದರ, ಹಿಂದಿನ ನೂರಕ್ಕೆ ಹಳೆಯದೇ. ಗ್ರಾಫ್ ಬರೆದರೆ ಯೂನಿಟ್‌ಗಳ ಒಟ್ಟು ಶುಲ್ಕದ ಗೆರೆ ಎಲ್ಲಿಯೂ ಜಿಗಿಯುವುದಿಲ್ಲ, ಬಾಗುತ್ತದೆ ಅಷ್ಟೆ. ಬಾಡಿಗೆ ವ್ಯಾಪಾರಕ್ಕೂ ಈ ವಿಧಾನವೇ ವಾಸಿ. ಸಾಫ್ಟ್‌ವೇರಿನಲ್ಲಿ ಎರಡಕ್ಕೂ ಬೇರೆ ಬೇರೆ ಆಯ್ಕೆ ಇದ್ದರೆ ಯಾವುದನ್ನು ಒತ್ತುತ್ತಿದ್ದೀರಿ ಎಂದು ನೋಡಿಕೊಂಡು ಒತ್ತಬೇಕು.

ಈಗ ಊರಿನ ವಿಚಾರ. ವ್ಯಾಪಾರಿ ಸಾಗಣೆಗೆಂದು ಒಂದು ನಿಯಮ ಬರೆದಿದ್ದ: ಊರು ಔರಂಗಾಬಾದ್ ಆದರೆ ಯಂತ್ರಕ್ಕೆ ₹300 ಸೇರಿಸು. 2023ರ ಫೆಬ್ರವರಿ 24ರಂದು ಕೇಂದ್ರ ಸರ್ಕಾರ ಹೊಸ ಹೆಸರಿಗೆ ಒಪ್ಪಿಗೆ ಕೊಟ್ಟಿತು, ಅದೇ ವರ್ಷದ ಸೆಪ್ಟೆಂಬರಿನಲ್ಲಿ ಜಿಲ್ಲೆಯ ಹೆಸರೂ ಬದಲಾಯಿತು. ಹೊಸ ಗ್ರಾಹಕರು ತಮ್ಮ ವಿಳಾಸವನ್ನು ಹೊಸ ಹೆಸರಿನಲ್ಲಿ ಬರೆಸಿದರು. ಒಬ್ಬರು ಪೂರ್ತಿ ಬರೆದರು, ಒಬ್ಬರು ‘ಛ. ಸಂಭಾಜಿನಗರ’ ಎಂದು ಚುಟುಕಾಗಿಸಿದರು, ಇನ್ನೊಬ್ಬರು ಬರೀ ಸಂಭಾಜಿನಗರ ಎಂದರು. ಈ ಯಾವುದೂ ಔರಂಗಾಬಾದ್ ಅಲ್ಲ. ನಿಯಮ ಅನ್ವಯವಾಗಲಿಲ್ಲ, ಸಾಗಣೆಯ ಹಣ ಬಿಲ್ಲಿಗೆ ಸೇರಲಿಲ್ಲ. ಪರದೆಯ ಮೇಲೆ ಒಂದು ಕೆಂಪು ಅಕ್ಷರವೂ ಮೂಡಲಿಲ್ಲ. ನಿಯಮ ಹೊಂದದಿದ್ದರೆ ಸುಮ್ಮನೆ ಮೂಲ ದರಕ್ಕೆ ಬಿಲ್ ಹಾಕುವ ಸಾಫ್ಟ್‌ವೇರ್ ಅಪಾಯಕಾರಿ, ಏಕೆಂದರೆ ಅದು ತಪ್ಪನ್ನು ಸರಿಯಾದ ಬಿಲ್ಲಿನ ಹಾಗೆಯೇ ತೋರಿಸುತ್ತದೆ. ಪಟ್ಟಿಯಲ್ಲಿಲ್ಲದ ಊರು ಬಂದರೆ ಬಿಲ್ ನಿಲ್ಲಬೇಕು, ಒಬ್ಬ ಮನುಷ್ಯ ನೋಡಬೇಕು.

ಆ ಊರಿನ ಚರಿತ್ರೆಯನ್ನೇ ನೋಡಿ. 1610ರಲ್ಲಿ ಮಲಿಕ್ ಅಂಬರ್ ಕಟ್ಟಿದಾಗ ಅದು ಖಡಕಿ. ಅವನ ಮಗ ಫತೇ ಖಾನ್ 1626ರಲ್ಲಿ ಅದನ್ನು ಫತೇನಗರ ಮಾಡಿದ. 1653ರಲ್ಲಿ ಔರಂಗಾಬಾದ್ ಆಯಿತು, 2023ರಲ್ಲಿ ಛತ್ರಪತಿ ಸಂಭಾಜಿನಗರ. ನಾಸಿಕ್ ಕೂಡ ಮೊಗಲರ ಕಾಲದಲ್ಲಿ ಗುಲ್ಶನಾಬಾದ್ ಆಗಿತ್ತು. ಅದೂ ಅಲ್ಲದೆ ಬಿಹಾರದಲ್ಲಿ ಇನ್ನೊಂದು ಔರಂಗಾಬಾದ್ ಜಿಲ್ಲೆ ಇದೆ. ಬದಲಾಗುವ, ಎರಡು ಕಡೆ ಇರುವ, ನಾಲ್ಕು ರೀತಿ ಬರೆಯುವ ಹೆಸರಿಗೆ ದರವನ್ನು ಕಟ್ಟಿಹಾಕುವುದು ಎಷ್ಟರ ಮಟ್ಟಿಗೆ ಸರಿ? ನಮಗೂ ಇದರ ಅನುಭವ ಇದೆ. 2014ರ ನವೆಂಬರ್ 1ರಂದು ಕರ್ನಾಟಕದ 12 ನಗರಗಳ ಹೆಸರಿನ ಇಂಗ್ಲಿಷ್ ರೂಪ ಒಂದೇ ದಿನ ಬದಲಾಯಿತು. ಬೆಳಗಾವಿ, ಕಲಬುರಗಿ, ವಿಜಯಪುರದ ಗ್ರಾಹಕರಿರುವ ಎಲ್ಲ ದಫ್ತರುಗಳಲ್ಲೂ ಹಳೆಯದು, ಹೊಸದು ಎರಡೂ ಕೂಡಿಕೊಂಡವು.

ಹೆಸರಿನ ಬದಲು ಕೋಡ್ ಬಳಸಿ ಎನ್ನುವುದು ಪಠ್ಯಪುಸ್ತಕದ ಉತ್ತರ. ಅದು ಬಹುಪಾಲು ಸರಿ. ಛತ್ರಪತಿ ಸಂಭಾಜಿನಗರದ ಪಿನ್ ಕೋಡ್ 431001 ಹೆಸರು ಬದಲಾದಾಗ ಕದಲಲಿಲ್ಲ, ಗಾಡಿಗಳ ಎಂಎಚ್ 20 ಕದಲಲಿಲ್ಲ, ಜಿಎಸ್‌ಟಿ ನಂಬರಿನ ಮೊದಲಿಗೆ ಬರುವ ಮಹಾರಾಷ್ಟ್ರದ 27 ಕದಲಲಿಲ್ಲ. ಆದರೆ 2025ರ ಅಕ್ಟೋಬರಿನಲ್ಲಿ ರೈಲು ನಿಲ್ದಾಣಕ್ಕೆ ಹೊಸ ಹೆಸರು ಬಂದಾಗ ಅದರ ಕೋಡ್ ಎಡಬ್ಲ್ಯೂಬಿಯಿಂದ ಸಿಪಿಎಸ್‌ಎನ್ ಆಯಿತು. ನಮ್ಮ ಬೆಂಗಳೂರಿನ ಕ್ರಾಂತಿವೀರ ಸಂಗೊಳ್ಳಿ ರಾಯಣ್ಣ ನಿಲ್ದಾಣಕ್ಕಾದರೋ ಹೆಸರು ಬದಲಾದ ಮೇಲೂ ಎಸ್‌ಬಿಸಿ ಎಂಬ ಹಳೆಯ ಕೋಡೇ ಉಳಿಯಿತು. ಆದ್ದರಿಂದ ಬೇರೆಯವರ ಕೋಡನ್ನೂ ಪೂರ್ತಿ ನಂಬಿ ಕೂರುವ ಹಾಗಿಲ್ಲ. ಪ್ರತಿ ಊರಿಗೂ ಪ್ರತಿ ಗ್ರಾಹಕನಿಗೂ ಸಾಫ್ಟ್‌ವೇರ್ ತಾನೇ ಒಂದು ಅರ್ಥವಿಲ್ಲದ ಕ್ರಮಸಂಖ್ಯೆ ಕೊಟ್ಟುಕೊಂಡು, ಹೆಸರು, ಪಿನ್, ಕೋಡ್ ಎಲ್ಲವನ್ನೂ ಅದಕ್ಕೆ ಅಂಟಿಸಿದ ಚೀಟಿಗಳಂತೆ ಇಟ್ಟುಕೊಳ್ಳಬೇಕು. ಅರ್ಥವಿಲ್ಲದ ಸಂಖ್ಯೆಯನ್ನು ಬದಲಿಸಬೇಕೆಂದು ಯಾರಿಗೂ ಅನಿಸುವುದಿಲ್ಲ.

ಅಂದಹಾಗೆ ಆ 27ಕ್ಕೆ ಇನ್ನೊಂದು ಕೆಲಸವಿದೆ. ನಾಸಿಕ್‌ನಿಂದ ಸಂಭಾಜಿನಗರದ ಕಾರ್ಖಾನೆಗೆ ಬಿಲ್ ಹೋದರೆ ಎರಡೂ ಕಡೆ 27, ಶೇ. 18ರ ತೆರಿಗೆ ಕೇಂದ್ರಕ್ಕೆ 9, ರಾಜ್ಯಕ್ಕೆ 9 ಎಂದು ಒಡೆಯುತ್ತದೆ. ಅದೇ ಬಿಲ್ ಬೆಳಗಾವಿಯ ನೋಂದಾಯಿತ ಗ್ರಾಹಕನಿಗೆ ಹೋದರೆ ಆ ಕಡೆ 29, ಶೇ. 18 ಇಡಿಯಾಗಿ ಐಜಿಎಸ್‌ಟಿ. ಮೊತ್ತ ಒಂದೇ, ಸೇರುವ ಖಾತೆ ಬೇರೆ.

ತೆರಿಗೆಯ ನಿಯಮಗಳಲ್ಲಿ ನನಗೆ ಅತ್ಯಂತ ಸೊಗಸಾಗಿ ಕಾಣುವುದು ದರ ಬದಲಾದ ದಿನದ ಸುತ್ತಲಿನ ಲೆಕ್ಕ. ಮಾನಿಟರುಗಳನ್ನು ತೆಗೆದುಕೊಳ್ಳಿ. 2019ರ ಜನವರಿ 1ರಿಂದ 32 ಇಂಚಿನವರೆಗಿನ ಮಾನಿಟರ್ ಮತ್ತು ಟಿವಿಗಳ ಜಿಎಸ್‌ಟಿ ಶೇ. 28ರಿಂದ 18ಕ್ಕೆ ಇಳಿಯಿತು. ಅದಕ್ಕಿಂತ ದೊಡ್ಡವು 28ರಲ್ಲೇ ಉಳಿದು, 2025ರ ಸೆಪ್ಟೆಂಬರ್ 22ರಂದು 18ಕ್ಕೆ ಬಂದವು. ಸರಕಿನ ಬಾಡಿಗೆಗೆ ಆ ಸರಕಿನ ಮಾರಾಟಕ್ಕಿರುವ ದರವೇ ಅನ್ವಯ. ಹಾಗಾದರೆ ಸೆಪ್ಟೆಂಬರ್ 19, 20ರಂದು ಸಂಭಾಜಿನಗರದ ಸಮಾವೇಶವೊಂದಕ್ಕೆ ₹10,000 ಬಾಡಿಗೆಗೆ ಹೋದ 75 ಇಂಚಿನ ಮಾನಿಟರಿಗೆ ತೆರಿಗೆ ಎಷ್ಟು? ಸೇವೆ ಮುಗಿದದ್ದು ದರ ಇಳಿಯುವ ಮೊದಲು. ಬಿಲ್ ಹಾಕಿದ್ದು 24ಕ್ಕೆ. ಹಣ ಬಂದದ್ದು 18ಕ್ಕೇ ಆಗಿದ್ದರೆ?

ಕೇಂದ್ರ ಜಿಎಸ್‌ಟಿ ಕಾಯ್ದೆಯ 14ನೇ ಕಲಮು ಸೇವೆ, ಬಿಲ್, ಹಣ ಈ ಮೂರರಲ್ಲಿ ಯಾವುದು ಮೊದಲು, ಯಾವುದು ಆಮೇಲೆ ಎಂದು ಒಂದೊಂದಾಗಿ ಬಿಡಿಸಿ ಹೇಳುತ್ತದೆ. ಓದಿದರೆ ತಲೆ ಸುತ್ತುತ್ತದೆ. ಆದರೆ ಮೂರೂ ಘಟನೆಗೆ ‘ಹಿಂದೆ’, ‘ಮುಂದೆ’ ಎಂಬ ಎರಡೇ ಸಾಧ್ಯತೆ, ಒಟ್ಟು ಎಂಟು ಸಾಲು. ಕಾಗದದ ಮೇಲೆ ಎಂಟನ್ನೂ ಬರೆದು ಎದುರಿಗೆ ಕಾನೂನಿನ ಉತ್ತರ ತುಂಬಿ ನೋಡಿ: ಮೂರರಲ್ಲಿ ಎರಡು ಯಾವ ಕಡೆ ಇವೆಯೋ ದರ ಆ ಕಡೆಯದು. ಇದು ಬಹುಮತ! ಹಣ 18ಕ್ಕೇ ಬಂದಿದ್ದರೆ ಎರಡು ಮತ ಹಿಂದಕ್ಕೆ, ತೆರಿಗೆ ₹2,800. ಹಣ 26ಕ್ಕೆ ಬಂದಿದ್ದರೆ ಎರಡು ಮತ ಮುಂದಕ್ಕೆ, ₹1,800. ನಿಮ್ಮ ಕಂಪ್ಯೂಟರಿನ ಚಿಪ್ಪಿನೊಳಗೆ ಎರಡು ಸಂಖ್ಯೆಗಳನ್ನು ಕೂಡುವಾಗ ದಶಕ ಒಯ್ಯಬೇಕೇ ಬೇಡವೇ ಎಂದು ತೀರ್ಮಾನಿಸುವ ಮಂಡಲ ಮಾಡುವುದೂ ಇದನ್ನೇ. ಅದರ ಬಳಿ ಬರುವ ಮೂರು ಬಿಟ್‌ಗಳಲ್ಲಿ ಕನಿಷ್ಠ ಎರಡು ‘1’ ಆಗಿದ್ದರೆ ಒಯ್ಯುತ್ತದೆ. ತೆರಿಗೆ ಕಾನೂನಿನ ಒಂದು ಪುಟವೂ ಕೂಡುವ ಮಂಡಲವೂ ತರ್ಕಶಾಸ್ತ್ರದ ಕಣ್ಣಿಗೆ ಒಂದೇ ಎಂಬುದು ಎಂಟು ಸಾಲು ಬರೆಯುವ ತನಕ ಗೊತ್ತಾಗುವುದಿಲ್ಲ. ನಿಯಮಗಳನ್ನು ಪಠ್ಯವಾಗಿ ಇಡದೆ ಕೋಷ್ಟಕವಾಗಿ ಇಡಿ ಎಂದು ತಿಳಿದವರು ಹೇಳುವುದು ಇದಕ್ಕೇ. ಕೋಷ್ಟಕದಲ್ಲಿ ಬಿಟ್ಟುಹೋದ ಸಾಲು ಕಣ್ಣಿಗೆ ಕಾಣುತ್ತದೆ.

ತಾರೀಖಿನ ಇನ್ನೊಂದು ಸೂಕ್ಷ್ಮ ಗಡಿಯಾರದ್ದು. ದೂರದ ಸರ್ವರಿನಲ್ಲಿ ನಡೆಯುವ ಸಾಫ್ಟ್‌ವೇರ್ ಬಹಳ ಸಲ ಜಾಗತಿಕ ಕಾಲಮಾನದಲ್ಲಿ ದಿನವನ್ನು ಬರೆದುಕೊಳ್ಳುತ್ತದೆ. ನಮ್ಮ ಗಡಿಯಾರ ಅದಕ್ಕಿಂತ ಐದೂವರೆ ಗಂಟೆ ಮುಂದೆ. ನಾಸಿಕ್‌ನಲ್ಲಿ ಸೆಪ್ಟೆಂಬರ್ 22ರ ನಸುಕಿನ ಎರಡು ಗಂಟೆ ಅಲ್ಲಿ 21ರ ರಾತ್ರಿ ಎಂಟೂವರೆ. ನಡುರಾತ್ರಿಯ ಮೇಲೆ ತಾನಾಗಿ ಬಿಲ್ ಹಾಕುವ ವ್ಯವಸ್ಥೆ ಇದ್ದರೆ ದಿನದ ಲೆಕ್ಕ ಭಾರತೀಯ ಕಾಲಮಾನದಲ್ಲೇ ಆಗುತ್ತದೆಯೇ ಎಂದು ಪರೀಕ್ಷಿಸಲೇಬೇಕು.

ಪೈಸೆಗಳಿಗೂ ಎಚ್ಚರ ಬೇಕು. ₹1,250.50ಕ್ಕೆ ಶೇ. 9 ಎಂದರೆ 112.545. ಅರ್ಧವನ್ನು ಮೇಲಕ್ಕೇರಿಸಿದರೆ 112.55. ಕೊನೆಯ ಅಂಕಿ ಬೆಸವಾಗದಂತೆ ಹತ್ತಿರದ ಸಮಕ್ಕೆ ಇಳಿಸಿದರೆ 112.54, ಅನೇಕ ಪ್ರೋಗ್ರಾಮಿಂಗ್ ಭಾಷೆಗಳ ಸಹಜ ನಡೆ ಇದು. ನಲವತ್ತು ಸಾಲಿನ ಬಿಲ್ಲಿನಲ್ಲಿ ಸಾಲುಸಾಲಿಗೂ ಹೀಗೆ ಮಾಡಿದರೆ ಒಂದು ಕಡೆ 4,502.00, ಇನ್ನೊಂದು ಕಡೆ 4,501.60. ಕೊನೆಯಲ್ಲಿ ಒಮ್ಮೆ ಮಾತ್ರ ಮಾಡಿದರೆ 4,501.80. ಇದರ ಮೇಲೆ, 0.1ರಂಥ ದಶಮಾಂಶಗಳನ್ನು ದ್ವಿಮಾನ ಪದ್ಧತಿಯಲ್ಲಿ ಪೂರ್ತಿ ಬರೆಯಲು ಬರುವುದಿಲ್ಲ. ಹಣವನ್ನು ಪೈಸೆಗಳ ಪೂರ್ಣಾಂಕವಾಗಿಯೋ ದಶಮಾನ ಲೆಕ್ಕದಲ್ಲಿಯೋ ಇಡುವುದು ಕ್ಷೇಮ.

ಕೊನೆಗೆ ಯಂತ್ರದ ವಯಸ್ಸು. ಅಕ್ಕಿ, ಬೆಲ್ಲದ ಬೆಲೆಪಟ್ಟಿಗೂ ಕಂಪ್ಯೂಟರ್ ಬಾಡಿಗೆಗೂ ಇರುವ ದೊಡ್ಡ ವ್ಯತ್ಯಾಸ ಇದು: ಇಲ್ಲಿ ಪ್ರತಿ ವಸ್ತುವೂ ಬೇರೆ, ಸೀರಿಯಲ್ ನಂಬರಿನಿಂದ ಗುರುತಾಗುವಂಥದ್ದು, ಬಳಸುತ್ತಾ ಹೋದಂತೆ ಬೆಲೆ ಕಳೆದುಕೊಳ್ಳುವಂಥದ್ದು. ₹60,000ದ ಲ್ಯಾಪ್‌ಟಾಪ್ ಆದಾಯ ತೆರಿಗೆಯ ಶೇ. 40ರ ಸವಕಳಿಯಲ್ಲಿ ಮೂರು ವರ್ಷಕ್ಕೆ ₹36,000, ₹21,600, ₹12,960 ಆಗುತ್ತದೆ. ಕಂಪನಿ ಕಾಯ್ದೆಯ ಎರಡನೇ ಅನುಸೂಚಿ ಲ್ಯಾಪ್‌ಟಾಪ್, ಡೆಸ್ಕ್‌ಟಾಪ್‌ಗಳಿಗೆ ಮೂರು ವರ್ಷ, ಸರ್ವರ್‌ಗಳಿಗೆ ಆರು ವರ್ಷ ಆಯಸ್ಸು ಕೊಡುತ್ತದೆ. ಶೇ. 5 ಉಳಿಕೆ ಬೆಲೆ ಹಿಡಿದು ಸಮಕಂತಿನಲ್ಲಿ ಕಳೆದರೆ ಅದೇ ಲ್ಯಾಪ್‌ಟಾಪ್ ₹41,000, ₹22,000, ₹3,000. ಎರಡು ಪುಸ್ತಕಗಳಲ್ಲಿ ಎರಡು ಬೆಲೆ, ಎರಡೂ ಕಾನೂನಿಗೆ ಸರಿ, ಆದರೆ ಯಾವುದೂ ಬಾಡಿಗೆ ದರಕ್ಕೆ ಆಧಾರವಾಗಲಾರದು. ಆದಾಯ ತೆರಿಗೆಯ ಲೆಕ್ಕದಲ್ಲಂತೂ ಕಂಪ್ಯೂಟರುಗಳೆಲ್ಲ ಒಂದೇ ಗುಂಪಾಗಿ ಕರಗಿರುತ್ತವೆ, ಬಿಡಿ ಯಂತ್ರ ಅಲ್ಲಿ ಸಿಗುವುದೇ ಇಲ್ಲ. ‘36 ತಿಂಗಳು ದಾಟಿದ ಯಂತ್ರಕ್ಕೆ ಬಾಡಿಗೆ ₹900’ ಎಂಬ ನಿಯಮ ಬರೆಯಬೇಕಾದರೆ ಸೀರಿಯಲ್ ನಂಬರ್, ಖರೀದಿ ದಿನ, ಮೊದಲ ಬಾಡಿಗೆಯ ದಿನ, ರಿಪೇರಿ, ಈಗ ಎಲ್ಲಿದೆ ಎಂಬುದೆಲ್ಲ ಇರುವ ವ್ಯಾಪಾರಿಯದ್ದೇ ಸ್ವತ್ತಿನ ರಿಜಿಸ್ಟರ್ ಬೇಕು. 36 ತಿಂಗಳನ್ನು ಯಾವ ದಿನದಿಂದ ಎಣಿಸುವುದು ಎಂದು ಮೊದಲೇ ಗೊತ್ತುಮಾಡಬೇಕು. ಖರೀದಿಯಾಗಿ ನಾಲ್ಕು ತಿಂಗಳು ಗೋದಾಮಿನಲ್ಲಿದ್ದ ಯಂತ್ರಕ್ಕೆ ಎರಡು ವಯಸ್ಸು ಇರುತ್ತದೆ. ನನ್ನ ಮತ ಮೊದಲ ಬಾಡಿಗೆಯ ದಿನಕ್ಕೆ. ತಿಂಗಳ ನಡುವೆ ಯಂತ್ರ ಬಂದರೆ ಬಾಡಿಗೆಯನ್ನು 30ರಿಂದ ಭಾಗಿಸುವುದೋ ಆ ತಿಂಗಳ ನಿಜವಾದ ದಿನಗಳಿಂದಲೋ ಎಂಬುದನ್ನೂ ಕರಾರಿನಲ್ಲೇ ಬರೆಯಬೇಕು. ₹1,500ಕ್ಕೆ 31 ದಿನದ ತಿಂಗಳಲ್ಲಿ 17 ದಿನ ಎಂದರೆ ಒಂದು ಲೆಕ್ಕಕ್ಕೆ ₹850, ಇನ್ನೊಂದಕ್ಕೆ ₹822.58.

ನಿಯಮ ಬದಲಾದಾಗ ಹಳೆಯ ನಿಯಮವನ್ನು ಅಳಿಸಬಾರದು, ತಿದ್ದಲೂಬಾರದು. ಅದಕ್ಕೆ ಮುಗಿಯುವ ತಾರೀಖು ಹಾಕಿ, ಹೊಸದನ್ನು ಆ ತಾರೀಖಿನಿಂದ ಆರಂಭಿಸಬೇಕು. ಪ್ರತಿ ಬಿಲ್ಲಿನ ಪ್ರತಿ ಸಾಲಿನ ಜೊತೆಗೂ ಯಾವ ಯಾವ ನಿಯಮ, ಯಾವ ಸರದಿಯಲ್ಲಿ ಅನ್ವಯವಾಯಿತು ಎಂಬುದು ಉಳಿದಿರಬೇಕು.

ನೀವು ಇಂಥ ಸಾಫ್ಟ್‌ವೇರ್ ಕೊಳ್ಳುವವರಾಗಿದ್ದರೆ, ಮಾರಲು ಬಂದವರ ಮುಂದೆ ಎರಡು ವರ್ಷ ಹಿಂದಿನ ತಾರೀಖಿನ ಒಂದು ಬಿಲ್ ಹಾಕಿಸಿ, ಆಮೇಲೆ ಒಂದು ದರವನ್ನು ಇಂದಿನಿಂದ ಬದಲಿಸಲು ಹೇಳಿ. ಹಳೆಯ ಬಿಲ್ ಅದೇ ಮೊತ್ತಕ್ಕೆ ತೆರೆದುಕೊಳ್ಳಬೇಕು, ಅದರ ಬೆಲೆ ಯಾವ ನಿಯಮದಿಂದ ಬಂತೆಂದೂ ತೋರಿಸಬೇಕು. ಎರಡರಲ್ಲಿ ಒಂದು ಆಗದಿದ್ದರೂ ದುಡ್ಡು ಕೊಡಬೇಡಿ.